ಹಾಡಿನಿಂದ ಮಾತಿಗೆ

ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ ಎಂದು ನಮ್ಮ ಹಿರಿಯರು ಗಾದೆ ಮಾಡಿಟ್ಟರು. ಅರವತ್ತು ಎಪ್ಪತ್ತು ವರ್ಷ ಮಾತು ಬಲ್ಲವರಾಗಿದ್ದು, ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಅದನ್ನು ಕಳೆದುಕೊಂಡವರ ವಿಷಯದಲ್ಲಿ ಗಾದೆ ಏನನ್ನೂ ಹೇಳುವುದಿಲ್ಲ. ಅಂಥವರು ನಮ್ಮ ನಡುವೆ ಇಲ್ಲದೆ ಇಲ್ಲ. ಪಾರ್ಶ್ವವಾಯು ಹೊಡೆದವರನ್ನು ನೋಡಲು ಹೋದರೆ ನಾವು ಕೈಕಾಲಿನ ಬಗ್ಗೆ ವಿಚಾರಿಸುತ್ತೇವೆ. ಎಣ್ಣೆ ತಿಕ್ಕಿಸುತ್ತಿದ್ದೀರಾ, ವ್ಯಾಯಾಮ ಮಾಡಿಸಲು ಯಾರಾದರೂ ಬರುತ್ತಾರಾ ಎಂದು ಕೇಳುತ್ತೇವೆ. ಮಾತೂ ಹೋಗಿದೆ ಎಂದು ತಿಳಿದರೆ "ಪಾಪ" ಎಂದು, ತಂದ ಮೋಸಂಬಿಯನ್ನು ಮೇಜಿನ ಮೇಲಿಟ್ಟು ಎದ್ದುಬರುತ್ತೇವೆ.

ಕಲೆಯಿಂದ ರೋಗ ವಾಸಿಯಾಗುತ್ತದೆ ಎಂಬ ಮಾತನ್ನು ಈಗ ಎಲ್ಲೆಲ್ಲೂ ಕೇಳುತ್ತೇವೆ. ಚಿತ್ರ ಬರೆಯಿರಿ, ಕುಣಿಯಿರಿ, ಹಾಡಿರಿ, ಮನಸ್ಸಿನಲ್ಲಿದ್ದುದನ್ನು ಕಾಗದದ ಮೇಲೆ ಇಳಿಸಿರಿ, ಎಲ್ಲವೂ ಸರಿಹೋಗುತ್ತದೆ ಎನ್ನುವವರಿದ್ದಾರೆ. ಇದರಲ್ಲಿ ನಿಜವೂ ಉಂಟು. ಇಂಗ್ಲೆಂಡಿನ ಏಡ್ರಿಯನ್ ಹಿಲ್ ಎಂಬ ಚಿತ್ರಕಾರರು 1938ರಲ್ಲಿ ಕ್ಷಯರೋಗಕ್ಕೆ ತುತ್ತಾಗಿ ಸ್ಯಾನಟೋರಿಯಂ ಸೇರಿದಾಗ ಹಾಸಿಗೆಯಲ್ಲೇ ಚಿತ್ರ ಬರೆಯುತ್ತ ಚೇತರಿಸಿಕೊಂಡರು. ಪಕ್ಕದ ರೋಗಿಗಳ ಕೈಗೂ ಪೆನ್ಸಿಲು ಕೊಟ್ಟು, 1942ರಲ್ಲಿ ಇದಕ್ಕೆ 'ಆರ್ಟ್ ಥೆರಪಿ' ಎಂದು ಹೆಸರಿಟ್ಟರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ವರದಿಯೊಂದು ಕಲೆ ಮತ್ತು ಆರೋಗ್ಯವನ್ನು ಕುರಿತ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ. ಆದರೆ ನಾನು ಸಿ.ಬಿ.ಝಡ್. ತೆಗೆದುಕೊಂಡು ಬಿ.ಎಸ್‌ಸಿ. ಮಾಡಿದವನು; ಆಮೇಲೆ ಇಪ್ಪತ್ತು ವರ್ಷಗಳಿಂದ ಕೇಂದ್ರ ಸರ್ಕಾರದ ಫೈಲುಗಳಲ್ಲಿ ನೋಟು ಬರೆಯುತ್ತಿರುವವನು. ಕಾಲೇಜೂ ಕಚೇರಿಯೂ ನನಗೆ ಕಲಿಸಿದ್ದು ಒಂದೇ: ಮೊದಲು ಆಧಾರ ತೋರಿಸು ಎನ್ನುವುದು. ಆದ್ದರಿಂದ ಎಲ್ಲ ಕಲೆ, ಎಲ್ಲ ರೋಗ ಎಂದು ಹೇಳಹೊರಡದೆ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ನನ್ನ ತಾಯಿ ಅರಕಲಗೂಡಿನ ಕಡೆಯವರು. ತಂದೆ ತೀರಿಕೊಂಡ ಮೇಲೆ ಮುಂಬಯಿಗೆ ಬಂದು, ಅಂಟಾಪ್ ಹಿಲ್‌ನ ಕ್ವಾರ್ಟರ್ಸಿನಲ್ಲಿ ನಮ್ಮೊಡನೆ ಇದ್ದರು. ಅವರ ಹಿಂದಿ ತರಕಾರಿ ಗಾಡಿಯವನ ಮಟ್ಟದ್ದು. 'ಕಿತನಾ', 'ನಕೋ' ಈ ಎರಡೇ ಪದಗಳಲ್ಲಿ ವ್ಯವಹಾರ ಮುಗಿಯುತ್ತಿತ್ತು. ಎರಡನೆಯದು ಹಿಂದಿಯಲ್ಲ, ಮರಾಠಿ ಎಂಬುದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ, ತಿಳಿಸಿದರೂ ಅವರು ಲಕ್ಷಿಸುತ್ತಿರಲಿಲ್ಲ. ಹುಡುಗಿಯಾಗಿದ್ದಾಗ ನಾಲ್ಕು ವರ್ಷ ಸಂಗೀತ ಕಲಿತಿದ್ದರಂತೆ. ಮದುವೆಯಾದ ಮೇಲೆ ಅದು ಅಡುಗೆಮನೆಯ ಸಂಗೀತವಾಯಿತು. ಮುಂಬಯಿಗೆ ಬಂದ ಮೇಲೆ ಶನಿವಾರದ ಭಜನಾ ಮಂಡಳಿಯ ಸಂಗೀತವಾಯಿತು. ಮಾಟುಂಗದ ಮಾರ್ಕೆಟ್ಟಿಗೆ ಹೋಗಿ ಬರುವುದು, ಶನಿವಾರ ಹಾಡುವುದು, ನನ್ನ ಮಗಳಿಗೆ ಕನ್ನಡದ ಕಥೆ ಹೇಳುವುದು, ಇಷ್ಟು ಅವರ ಲೋಕ.

2018ರ ಅಕ್ಟೋಬರಿನಲ್ಲಿ, ವಿಜಯದಶಮಿ ಕಳೆದ ನಾಲ್ಕನೆಯ ದಿನ, ಬೆಳಗಿನ ಕಾಫಿಯ ಲೋಟ ಅವರ ಬಲಗೈಯಿಂದ ಜಾರಿ ಬಿತ್ತು. ಬಾಯಿ ಸೊಟ್ಟಗಾಗಿತ್ತು. ಒಂದೂವರೆ ಗಂಟೆಯೊಳಗೆ ಆಸ್ಪತ್ರೆ ಸೇರಿಸಿದೆವು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು; ಈ ಒಂದು ಅಂಕಿಯನ್ನು ಪ್ರತಿಯೊಂದು ಮನೆಯವರೂ ನೆನಪಿಟ್ಟುಕೊಳ್ಳಬೇಕು. ಜೀವ ಉಳಿಯಿತು. ತಿಂಗಳೊಳಗೆ ಕೋಲು ಹಿಡಿದು ನಡೆಯುವಷ್ಟಾದರು. ಬಲಗೈ ಅರ್ಧ ಬಂತು. ಮಾತು ಹೋಯಿತು.

ಪೂರ್ತಿ ಹೋಯಿತೆನ್ನುವಂತಿಲ್ಲ, ಒಂದು ಪದ ಉಳಿದಿತ್ತು: 'ಅದೇ'. ಕಾಫಿ ಬೇಕೇ ಎಂದರೆ 'ಅದೇ'. ನೋವಿದೆಯೇ ಎಂದರೆ 'ಅದೇ'. ಮೊಮ್ಮಗಳನ್ನು ಹತ್ತಿರ ಕರೆಯುವುದಕ್ಕೂ 'ಅದೇ'. ನಮ್ಮ ಭಾಷೆಯಲ್ಲಿ ಈ ಪದ ಎಲ್ಲೆಂದರಲ್ಲಿ ಹೊಂದುವುದರಿಂದ ಮೊದಲ ಎರಡು ದಿನ ನಮಗೆ ಆಶೆಯೇ ಹುಟ್ಟಿತ್ತು. ತಾವು ಹೇಳಬೇಕೆಂದದ್ದು ಹೊರಗೆ ಬರುತ್ತಿಲ್ಲ ಎಂಬುದು ಅವರಿಗೆ ತಿಳಿಯುತ್ತಿತ್ತು. ನಾಲ್ಕು ಸಲ 'ಅದೇ, ಅದೇ' ಎಂದು, ಐದನೆಯ ಸಲ ಮುಖವನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದರು.

ವಾರ್ಡಿನಲ್ಲಿದ್ದ ಒಬ್ಬ ಕಿರಿಯ ಡಾಕ್ಟರು ಹಿಂದಿಯಲ್ಲಿ ಅವರ ಹೆಸರನ್ನು ನಾಲ್ಕು ಸಲ ಗಟ್ಟಿಯಾಗಿ ಕೇಳಿ, ಉತ್ತರ ಬಾರದಿರಲು, ರೋಗಿಗೆ ಹೇಳಿದ್ದು ತಿಳಿಯುತ್ತಿಲ್ಲ ಎಂಬರ್ಥದ ಒಂದು ಸಾಲನ್ನು ಕೇಸ್ ಷೀಟಿನಲ್ಲಿ ಬರೆದರು. ನನ್ನಾಕೆ ಅದನ್ನು ಬಗ್ಗಿ ನೋಡಿ, "ಅತ್ತೆ, ಕಣ್ಣು ಮುಚ್ಚಿ. ಈಗ ಎಡಗೈ ಎತ್ತಿ" ಎಂದಳು. ಕಣ್ಣು ಮುಚ್ಚಿದರು, ಎಡಗೈ ಎತ್ತಿದರು. ಡಾಕ್ಟರು ಒಳ್ಳೆಯ ಮನುಷ್ಯ. ತಾವು ಬರೆದದ್ದನ್ನು ಆಗಲೇ ಹೊಡೆದುಹಾಕಿದರು. ಆದರೆ ಆ ಹೊತ್ತಿನಲ್ಲಿ ಹಾಸಿಗೆಯ ಪಕ್ಕದಲ್ಲಿ ಕನ್ನಡ ಬಲ್ಲವರು ಯಾರೂ ಇಲ್ಲದಿದ್ದರೆ? ಈ ಯೋಚನೆ ನನ್ನನ್ನು ಬಹಳ ದಿನ ಬಿಡಲಿಲ್ಲ.

ಈ ಸ್ಥಿತಿಗೆ ಅಫೇಸಿಯಾ ಎಂದು ಹೆಸರು. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಎಂಬ ವೈದ್ಯರ ಬಳಿಗೆ ಬಂದ ರೋಗಿಯೊಬ್ಬ 'ಟ್ಯಾನ್' ಎಂಬ ಒಂದೇ ಉಲಿಯನ್ನು ಬಿಟ್ಟು ಬೇರೇನನ್ನೂ ಆಡಲಾರನಾಗಿದ್ದ, ಹೇಳಿದ್ದೆಲ್ಲ ತಿಳಿಯುತ್ತಿತ್ತು. ಅವನು ಸತ್ತ ಮೇಲೆ ಬ್ರೋಕಾ ಮಿದುಳನ್ನು ಪರೀಕ್ಷಿಸಿ, ಎಡ ಅರ್ಧದ ಮುಂಭಾಗದಲ್ಲಿ ಹಾನಿಯಾಗಿರುವುದನ್ನು ಕಂಡರು. ಮಾತನ್ನು ಹೊರಡಿಸುವ ಕೆಲಸಕ್ಕೆ ಆ ಭಾಗ ಮುಖ್ಯವೆಂಬುದು ಅಲ್ಲಿಂದ ತಿಳಿದುಬಂತು. ಮಿದುಳಿನ ಎಡಭಾಗವೇ ಬಲಗೈಯನ್ನೂ ಆಳುವುದರಿಂದ ಮಾತೂ ಬಲಗೈಯೂ ಅನೇಕ ವೇಳೆ ಜೊತೆಯಾಗಿ ಹೋಗುತ್ತವೆ. ಬ್ರೋಕಾ ಅವರ ರೋಗಿಗೆ 'ಟ್ಯಾನ್', ನಮ್ಮ ಅಮ್ಮನಿಗೆ 'ಅದೇ'.

ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಶನಿವಾರ ಮಂಡಳಿಯ ಮೂವರು ಹೆಂಗಸರು ನೋಡಲು ಬಂದರು. ಏನು ಮಾತಾಡಬೇಕೆಂದು ತಿಳಿಯದೆ ಕುಳಿತಿದ್ದವರು, ಎಷ್ಟು ಹೊತ್ತು ಸುಮ್ಮನಿರುವುದೆಂದು ಪುರಂದರದಾಸರ ಪದವೊಂದನ್ನು ಮೆಲ್ಲಗೆ ಹೇಳತೊಡಗಿದರು. ಎರಡನೆಯ ಚರಣಕ್ಕೆ ಬರುವಾಗ ಅವರಲ್ಲೊಬ್ಬರು ಮರೆತು ಮೂರನೆಯದಕ್ಕೆ ಹಾರಿದರು. ಅಷ್ಟರಲ್ಲಿ ಮಂಚದ ಮೇಲಿನಿಂದ, ತುಸು ಒಡೆದ ಧ್ವನಿಯಲ್ಲಿ, ಎರಡನೆಯ ಚರಣ ಬಂತು. ಒಂದು ಅಕ್ಷರ ಬಿಡದೆ, ಒಂದು ಒತ್ತು ತಪ್ಪದೆ ಬಂತು. ಹಾಡುತ್ತಿದ್ದವರು ಬೆಚ್ಚಿ ನಿಲ್ಲಿಸಿದರು. ಅಮ್ಮ ನಿಲ್ಲಿಸಲಿಲ್ಲ, ಅಂಕಿತದವರೆಗೆ ಹಾಡಿ ಮುಗಿಸಿ, ಮರೆತವರನ್ನು ಗುರಿಯಿಟ್ಟು ನೋಡಿದರು. ನಾನು ಅಳುತ್ತ "ಅಮ್ಮಾ, ನನ್ನ ಹೆಸರು ಹೇಳು" ಎಂದೆ.

"ಅದೇ" ಎಂದರು.

ಪವಾಡ ಎನ್ನುವವರು ಹಾಡಿನಲ್ಲೇ ನಿಂತುಬಿಡುತ್ತಾರೆ. ನಮ್ಮ ಕಷ್ಟ ಶುರುವಾಗುವುದು ಆ 'ಅದೇ'ಯಿಂದ. ಇದು ಹೊಸ ಸಂಗತಿಯೂ ಅಲ್ಲ. ಸ್ವೀಡನ್ನಿನ ಓಲೊಫ್ ಡಾಲಿನ್ ಎಂಬಾತ 1745ರಲ್ಲೇ ಇಂಥ ರೈತನ ಮಗನೊಬ್ಬನನ್ನು ಕುರಿತು ಬರೆದಿದ್ದಾರೆ. ಬಲಭಾಗ ಬಿದ್ದುಹೋಗಿ ಮಾತು ನಿಂತಿದ್ದ ಅವನು, ಬೇರೆಯವರು ಮೊದಲಲ್ಲಿ ಸ್ವಲ್ಪ ದನಿಗೂಡಿಸಿದರೆ, ತನಗೆ ಹಿಂದೆ ಬರುತ್ತಿದ್ದ ಪ್ರಾರ್ಥನಾಗೀತೆಗಳನ್ನು ಆರೋಗ್ಯವಂತನಂತೆ ಹಾಡುತ್ತಿದ್ದನಂತೆ. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಹ್ಯೂಲಿಂಗ್ಸ್ ಜಾಕ್ಸನ್ ಎಂಬ ಇಂಗ್ಲಿಷ್ ವೈದ್ಯರು ಒಂದು ಭೇದವನ್ನು ತೋರಿಸಿಕೊಟ್ಟರು: ತಾನಾಗಿ ಉರುಳಿಬರುವ ಮಾತು ಬೇರೆ, ಆ ಕ್ಷಣಕ್ಕೆಂದು ಕಟ್ಟಿ ಆಡುವ ಮಾತು ಬೇರೆ. ಒಂದರಿಂದ ಹತ್ತು ಎಣಿಸುವುದು, ವಾರದ ಹೆಸರುಗಳು, ಬೈಗುಳ, ಬಾಯಿಪಾಠವಾದ ಸ್ತೋತ್ರ, ಇವೆಲ್ಲ ಮೊದಲನೆಯ ಜಾತಿ. ಮಂಚದ ಕಾಲು ಎಡವಿದಾಗ ಅಮ್ಮ "ಥೂ ದರಿದ್ರ!" ಎಂದು ಸ್ಪಷ್ಟವಾಗಿ ಹೇಳಿದ್ದನ್ನು ನಾವೆಲ್ಲ ಕೇಳಿದ್ದೆವು. 'ನೀರು ಬೇಕು' ಎಂಬುದು ಎರಡನೆಯ ಜಾತಿ. ದಾಸರ ಪದ ಮೂವತ್ತು ಸಾಲು ಬಂದರೂ ಈ ಎರಡು ಪದ ಬರಲಾರವು.

ಹಾಡಿನ ಆ ದಡದಿಂದ ಮಾತಿನ ಈ ದಡಕ್ಕೆ ದಾಟಿಸುವ ಒಂದು ವಿಧಾನವನ್ನು 1973ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ ಎಂಬ ಮೂವರು ಪ್ರಕಟಿಸಿದರು. ಹೆಸರು ಮೆಲೋಡಿಕ್ ಇಂಟೊನೇಷನ್ ಥೆರಪಿ. ರಾಗವಾಗಿ ಮಾತು ಹೇಳಿಸುವ ಚಿಕಿತ್ಸೆ ಎನ್ನಬಹುದು. 2011ರಲ್ಲಿ ಗುಂಡೇಟಿನಿಂದ ಮಾತು ಕಳೆದುಕೊಂಡ ಅಮೆರಿಕದ ಸಂಸದೆ ಗೇಬ್ರಿಯಲ್ ಗಿಫರ್ಡ್ಸ್ ಅವರ ಚಿಕಿತ್ಸೆಯಲ್ಲೂ ಹಾಡಿನ ನೆರವು ಪಡೆದರು. ಇದರಲ್ಲಿ ರೋಗಿಗೆ ಬರುವ ಹಾಡನ್ನು ಹಾಡಿಸುತ್ತ ಕೂರುವುದಿಲ್ಲ. ದಿನಬಳಕೆಯ ಒಂದು ಚಿಕ್ಕ ಮಾತನ್ನು ತೆಗೆದುಕೊಂಡು, ಅದನ್ನು ಎರಡೇ ಸ್ವರಗಳಲ್ಲಿ ನಿಧಾನವಾಗಿ ರಾಗವೆಳೆಯಬೇಕು. ಅಕ್ಷರಕ್ಕೊಂದರಂತೆ ರೋಗಿಯ ಎಡಗೈಯನ್ನು ಮೆಲ್ಲಗೆ ತಟ್ಟಬೇಕು. ಮೊದಲು ಬರಿಯ ಗುನುಗು. ಆಮೇಲೆ ಇಬ್ಬರೂ ಕೂಡಿ ಹೇಳುವುದು. ಆಮೇಲೆ ಚಿಕಿತ್ಸಕರು ಅರ್ಧದಲ್ಲಿ ದನಿ ತಗ್ಗಿಸಿ ರೋಗಿಯನ್ನು ಒಬ್ಬರನ್ನೇ ಮುಂದೆ ಬಿಡುವುದು. ಆಮೇಲೆ ಪ್ರಶ್ನೆ ಕೇಳಿ ಅದೇ ಮಾತನ್ನು ಉತ್ತರವಾಗಿ ಹೊರಡಿಸುವುದು. ಕೊನೆಗೆ ರಾಗವನ್ನು ಸ್ವಲ್ಪಸ್ವಲ್ಪವೇ ಕಳಚಿ ಬರಿಯ ಮಾತನ್ನು ಉಳಿಸುವುದು. ಇಷ್ಟೂ ಒಂದು ಮಾತಿಗೆ. ವಾರಗಟ್ಟಲೆ ಹಿಡಿಯುತ್ತದೆ.

ನಮಗೆ ಸಿಕ್ಕ ಸ್ಪೀಚ್ ಥೆರಪಿಸ್ಟ್ ಒಬ್ಬ ಮರಾಠಿ ಹೆಣ್ಣುಮಗಳು. ಆಕೆಗೆ ಮರಾಠಿ, ಹಿಂದಿ, ಇಂಗ್ಲಿಷು ಬರುತ್ತಿದ್ದವು, ಕನ್ನಡದ ಗಂಧವಿರಲಿಲ್ಲ. ಆಕೆಯ ಹತ್ತಿರ ಸಿದ್ಧವಿದ್ದ ವಾಕ್ಯಗಳೆಲ್ಲ ಹಿಂದಿಯವು. ಅಮ್ಮನ ಮುಂದೆ ಎರಡು ದಿನ ಅವನ್ನು ಪ್ರಯೋಗಿಸಿ ನೋಡಿ, ಮೂರನೆಯ ದಿನ ನನ್ನನ್ನು ಕರೆದು, "ಇವರು ಮನೆಯಲ್ಲಿ ಯಾವ ಭಾಷೆಯಲ್ಲಿ ಬೈಯುತ್ತಿದ್ದರೋ ಆ ಭಾಷೆಯಲ್ಲಿ ನಲವತ್ತು ವಾಕ್ಯ ಬರೆದುಕೊಂಡು ಬನ್ನಿ. ಪುಸ್ತಕದ ಭಾಷೆ ಬೇಡ" ಎಂದಳು. ಬಹುಭಾಷಿಕರಿಗೆ ಮಾತು ಹೋದಾಗ ಹೆಚ್ಚು ರೂಢಿಯಲ್ಲಿದ್ದ ಭಾಷೆ ಮೊದಲು ಮರಳುತ್ತದೆ ಎಂದು ಪಿತ್ರೆ ಎಂಬ ಫ್ರೆಂಚ್ ವೈದ್ಯರು 1895ರಲ್ಲಿ ಬರೆದಿದ್ದರಂತೆ. ಎಲ್ಲರಲ್ಲೂ ಹಾಗಾಗುವುದಿಲ್ಲ, ಎಷ್ಟೋ ಜನರಲ್ಲಿ ಎರಡು ಭಾಷೆಗಳೂ ಒಟ್ಟೊಟ್ಟಿಗೇ ಚೇತರಿಸಿಕೊಳ್ಳುತ್ತವೆ. ನಮ್ಮ ಅಮ್ಮನಿಗಂತೂ ಇನ್ನೊಂದು ಭಾಷೆಯ ಪ್ರಶ್ನೆಯೇ ಇರಲಿಲ್ಲ.

ಆ ರಾತ್ರಿ ನಾನೂ ನನ್ನಾಕೆಯೂ ಒಂದು ನೋಟುಬುಕ್ಕು ಹಿಡಿದು ಕುಳಿತೆವು. ಇಂಗ್ಲಿಷಿನಲ್ಲಿ ಯಾವ ಅಕ್ಷರಕ್ಕೆ ಒತ್ತು ಬೀಳುತ್ತದೋ ಅದಕ್ಕೆ ಮೇಲಿನ ಸ್ವರ ಕೊಡುತ್ತಾರೆ. ಕನ್ನಡದಲ್ಲಿ ಅಂಥ ಒತ್ತಿಲ್ಲ. ಹಾಗಾದರೆ ಮೇಲಿನ ಸ್ವರ ಯಾವುದಕ್ಕೆ? ಯೋಚಿಸುತ್ತಿದ್ದಂತೆ ಹೈಸ್ಕೂಲಿನ ಕನ್ನಡ ಮೇಷ್ಟ್ರು ನೆನಪಾದರು. ಪ್ರಸ್ತಾರ ಹಾಕದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಪುಣ್ಯಾತ್ಮರು! ನಮ್ಮಲ್ಲಿ ಗುರು ಲಘು ಇದೆಯಲ್ಲ! 'ನೀರು ಬೇಕು': ಗುರು ಲಘು, ಗುರು ಲಘು. ಮೂರು ಮಾತ್ರೆಯ ಎರಡು ಗಣ. ಗುರುವಿಗೆ ಮೇಲಿನ ಸ್ವರ, ಲಘುವಿಗೆ ಕೆಳಗಿನದು. 'ಕಾಫಿ ಬೇಕು', 'ಫ್ಯಾನು ಹಾಕು', 'ಬೆನ್ನು ನೋವು', 'ಸಾಕು ಸಾಕು', ಎಲ್ಲವೂ ಅದೇ ಅಚ್ಚಿನಲ್ಲಿ ಇಳಿದವು. ನನಗೆ ಉತ್ಸಾಹ ಹೆಚ್ಚಿ, ಗಣಕ್ಕೆ ಹೊಂದದ ವಾಕ್ಯಗಳನ್ನು ತಿದ್ದಲು ತೊಡಗಿದಾಗ ನನ್ನಾಕೆ, "ರೀ, ಅತ್ತೆಗೆ ಬೇಕಾಗಿರೋದು ನೀರು, ಛಂದಸ್ಸಲ್ಲ" ಎಂದು ಪುಸ್ತಕ ಕಿತ್ತುಕೊಂಡಳು. ಉಳಿದ ವಾಕ್ಯಗಳು ಆಕೆಯವು. ಅವೇ ಹೆಚ್ಚು ಉಪಯೋಗಕ್ಕೆ ಬಂದವು ಎಂಬುದನ್ನೂ ಹೇಳಿಬಿಡುತ್ತೇನೆ. ಮನೆಯಲ್ಲಿ ಅತ್ತೆಗೆ ದಿನಕ್ಕೆ ಯಾವ ಮಾತು ಎಷ್ಟು ಸಲ ಬೇಕಾಗುತ್ತದೆ ಎಂಬುದು ಸೊಸೆಗೆ ಗೊತ್ತಿರುವಂತೆ ಮಗನಿಗೆ ಗೊತ್ತಿರುವುದಿಲ್ಲ.

ಒಂದು ತೊಡಕು ಬಂತು. ಥೆರಪಿಸ್ಟ್ ಎಡಗೈ ತಟ್ಟಲು ಹೋದರೆ ಅಮ್ಮ ಕೈ ಎಳೆದುಕೊಳ್ಳುತ್ತಿದ್ದರು. ಎಡಗೈಯಲ್ಲಿ ತಾಳವೇ! ಅದು ಅವರಿಗೆ ಒಗ್ಗದ ಸಂಗತಿ. ಆಕೆಗೆ ಇದು ಅರ್ಥವಾಗದೆ ನೋವಿರಬೇಕೆಂದು ಭಾವಿಸಿದಳು. ಮಂಡಳಿಯ ಹಿರಿಯರೊಬ್ಬರು ಇದನ್ನು ಬಿಡಿಸಿದರು. "ಮೃದಂಗಕ್ಕೆ ಎರಡು ಮುಖ ಅಲ್ವೇನ್ರೀ, ಎಡಗೈ ಇಲ್ದೆ ಅದು ನುಡಿಯುತ್ತಾ?" ಎಂದರು. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, ಎಡಗೈಯನ್ನು ತೊಡೆಯ ಮೇಲಿಟ್ಟರು. ಇನ್ನೊಂದು ಸ್ವಾರಸ್ಯ: ಥೆರಪಿಸ್ಟ್ ಷಡ್ಜಕ್ಕೆ ಜೋಡಿಯಾಗಿ ಹಿಡಿದಿದ್ದ ಮೇಲಿನ ಸ್ವರ ನಮ್ಮ ಲೆಕ್ಕಕ್ಕೆ ಸಾಧಾರಣ ಗಾಂಧಾರ. ಅಮ್ಮನಿಗೆ ಬಾಲಪಾಠದ ಮಾಯಾಮಾಳವಗೌಳ ಅಭ್ಯಾಸ. ಅವರ ದನಿ ತಾನಾಗಿ ಅಂತರ ಗಾಂಧಾರಕ್ಕೆ ಏರುತ್ತಿತ್ತು. ಆಕೆ ತಾನೇ ತನ್ನ ಶ್ರುತಿ ಬದಲಿಸಿಕೊಂಡಳು.

ನಾಲ್ಕನೆಯ ವಾರದಲ್ಲಿ 'ನೀರು ಬೇಕು' ಬಂತು, ರಾಗವಾಗಿ. ನಮ್ಮ ಏಳು ವರ್ಷದ ಮಗಳು ಸ್ಕೂಲಿನಿಂದ ಬಂದವಳು ಅಜ್ಜಿಯ ಪಕ್ಕ ಕುಳಿತು, ಕೈ ತಟ್ಟುತ್ತ, ಆ ನಲವತ್ತು ವಾಕ್ಯಗಳನ್ನು ಕೂಡಿ ಹೇಳುತ್ತಿದ್ದಳು. ಹಿಂದಿ ಬೆರೆಸದೆ ಒಂದು ವಾಕ್ಯ ಆಡದಿದ್ದ ಹುಡುಗಿ! ಅಜ್ಜಿ ಮೊಮ್ಮಗಳು ಇಬ್ಬರೂ ಒಂದೇ ಪುಸ್ತಕದಿಂದ ಕನ್ನಡ ಕಲಿತರು ಎಂದರೆ ಅತಿಶಯೋಕ್ತಿಯಲ್ಲ.

ಹೀಗೆ ಕಲಿಸಿದ ವಾಕ್ಯಗಳು ಒಂದೊಂದಾಗಿ ಬಂದವು. ಆದರೆ ಒಳಗೊಳಗೇ ಒಂದು ಶಂಕೆ ಕಾಡುತ್ತಿತ್ತು. ಇವೂ ಬಾಯಿಪಾಠವೇ ತಾನೆ? ದಾಸರ ಪದದ ಜೊತೆಗೆ ಇನ್ನು ನಲವತ್ತು ಸಾಲು ಸೇರಿದವು, ಅಷ್ಟೆ ಅಲ್ಲವೆ? ಪಂಡಿತರಲ್ಲೂ ಈ ಬಗ್ಗೆ ಒಮ್ಮತವಿಲ್ಲ. ಹಾಡಿದಾಗ ಮಿದುಳಿನ ಬಲ ಅರ್ಧ ಎಡದ ಕೆಲಸವನ್ನು ವಹಿಸಿಕೊಳ್ಳುತ್ತದೆ ಎಂಬುದು ಹಳೆಯ ವಾದ. 2011ರಲ್ಲಿ ಜರ್ಮನಿಯಲ್ಲಿ 17 ರೋಗಿಗಳನ್ನು ಪರೀಕ್ಷಿಸಿದವರು, ಗುಣ ಕೊಡುವುದು ಸ್ವರವಲ್ಲ, ಲಯ ಮತ್ತು ಬಾಯಿಗೆ ರೂಢಿಯಾದ ಮಾತು ಎಂದರು. ನನಗೆ ಕಂಡಂತೆ ಎರಡನೆಯವರ ಮಾತಿನಲ್ಲಿ ಹುರುಳಿದೆ. ಅಮ್ಮನ ಸ್ವರ ಎಷ್ಟೋ ದಿನ ಕೆಟ್ಟಿರುತ್ತಿತ್ತು. ತಾಳ ತಪ್ಪದಿದ್ದರೆ ಮಾತು ಬರುತ್ತಿತ್ತು.

ನನ್ನ ಶಂಕೆ ನಿವಾರಣೆಯಾದದ್ದು 2019ರ ಜೂನಿನ ಒಂದು ಭಾನುವಾರ. ಮಳೆ ಹಿಡಿದಿತ್ತು. ಊಟಕ್ಕೆ ಕುಳಿತಿದ್ದೆವು. ಅಮ್ಮ ಹುಳಿಯನ್ನು ಬಾಯಿಗಿಟ್ಟು, ಒಂದು ಕ್ಷಣ ತಡೆದು, ಎಡಗೈ ಬೆರಳನ್ನು ತಟ್ಟೆಯ ಅಂಚಿಗೆ ತಟ್ಟುತ್ತ, ನಾಲ್ಕು ಅಕ್ಷರಗಳನ್ನು ಎರಡು ಸ್ವರಗಳಲ್ಲಿ ಹೊರಡಿಸಿದರು: "ಉಪ್ಪು ಜಾಸ್ತಿ."

ನಾನು ಎದ್ದು ಹೋಗಿ ನೋಟುಬುಕ್ಕು ತೆಗೆದು ನೋಡಿದೆ. ಆ ವಾಕ್ಯ ಅದರಲ್ಲಿರಲಿಲ್ಲ. ಯಾರೂ ಕಲಿಸಿರಲಿಲ್ಲ. ಅಚ್ಚು ಮಾತ್ರ ನಮ್ಮದು. ಮಾತು ಅವರು ಆ ಕ್ಷಣಕ್ಕೆ ಕಟ್ಟಿದ್ದು. ನನ್ನಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಂಟು ತಿಂಗಳಾದ ಮೇಲೆ ಬಾಯಿಬಿಟ್ಟು ನನ್ನ ಹುಳಿಗೇ ಹೆಸರಿಟ್ಟರಲ್ಲ" ಎಂದು ನಗತೊಡಗಿದಳು. ಉಪ್ಪು ನಿಜವಾಗಿಯೂ ಜಾಸ್ತಿಯಾಗಿತ್ತು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಥೆರಪಿಸ್ಟ್ ಬರುವುದು ನಿಂತಿತು. ಮೊಬೈಲಿನ ವೀಡಿಯೋದಲ್ಲಿ ಪ್ರಯತ್ನಿಸಿದೆವು. ಅಲ್ಲಿಂದ ಬರುವ ದನಿ ಅರ್ಧ ಕ್ಷಣ ತಡವಾಗಿ ಬರುವುದರಿಂದ ಇಬ್ಬರೂ ಕೂಡಿ ಹೇಳುವುದು ಸಾಧ್ಯವಾಗಲಿಲ್ಲ. ಈ ಚಿಕಿತ್ಸೆಯ ಜೀವಾಳವೇ ಕೂಡಿ ಹೇಳುವುದು. ಪಕ್ಕದಲ್ಲಿ ಕುಳಿತವರೇ ದನಿಗೂಡಿಸಬೇಕಾಯಿತು. ಮಗಳಿಗೆ ಸ್ಕೂಲಿರಲಿಲ್ಲ. ಆ ಮಟ್ಟಿಗೆ ಕಷ್ಟಕಾಲವೂ ಉಪಕಾರ ಮಾಡಿತು.

ಅಮ್ಮ ಈಗಲೂ ನಮ್ಮೊಡನಿದ್ದಾರೆ. ಮೂರು ನಾಲ್ಕು ಪದಗಳ ಮಾತು ಆಡುತ್ತಾರೆ. ಕಥೆ ಹೇಳುವಷ್ಟು ಮಾತು ಮರಳಲಿಲ್ಲ; ಮರಳುತ್ತದೆಂಬ ಆಶೆಯನ್ನು ಅವರೂ ಇಟ್ಟುಕೊಂಡಿಲ್ಲ. ನನ್ನ ಹೆಸರು ಒಂದೊಂದು ದಿನ ಬರುತ್ತದೆ, ಒಂದೊಂದು ದಿನ ಬರುವುದಿಲ್ಲ. ಬಾರದ ದಿನ "ಅದೇ" ಎಂದು ಕರೆದರೆ ನಾನು ಓಗೊಡುತ್ತೇನೆ.

ಈ ವಿಧಾನ ಎಲ್ಲರಿಗೂ ಒಗ್ಗುವುದಿಲ್ಲ ಎಂಬುದನ್ನು ಮರೆಯಬಾರದು. ಹೇಳಿದ್ದು ತಿಳಿಯುತ್ತದೆ, ಆದರೆ ಆಡಲು ಬರುವುದಿಲ್ಲ ಎನ್ನುವಂಥವರಿಗೆ ಇದು ಹೊಂದುತ್ತದೆ. ಸರಾಗವಾಗಿ ಮಾತು ಹೊರಟರೂ ಅರ್ಥವಿರದ, ಕೇಳಿದ್ದೂ ತಿಳಿಯದ ಇನ್ನೊಂದು ಬಗೆಯ ಅಫೇಸಿಯಾ ಇದೆ. ಅದಕ್ಕೆ ದಾರಿ ಬೇರೆ. ಯಾವ ಬಗೆಯೆಂದು ನಿರ್ಧರಿಸುವ ಪರೀಕ್ಷೆಯನ್ನು ರೋಗಿಯ ಭಾಷೆಯಲ್ಲೇ ಮಾಡಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕೇಂದ್ರ ಸರ್ಕಾರದ್ದು. ಕನ್ನಡದವರಿಗೆ ಇದಕ್ಕಿಂತ ಸಲ್ಲುವ ಜಾಗವಿಲ್ಲ. ಮುಂಬಯಿಯಲ್ಲಿ ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆ 1983ರಿಂದ ಇದೆ. ಮೊದಲ ಮೂರರಿಂದ ಆರು ತಿಂಗಳು ಚೇತರಿಕೆ ವೇಗವಾಗಿರುತ್ತದೆ, ಆಮೇಲೂ ನಿಲ್ಲುವುದಿಲ್ಲ.

ನಮ್ಮ ನೋಟುಬುಕ್ಕು ಕಳೆದ ವರ್ಷ ಡೊಂಬಿವಿಲಿಯ ಒಂದು ಮನೆಗೆ ಹೋಗಿದೆ. ಅವರು ಧಾರವಾಡದ ಕಡೆಯವರು. ಮನೆಯ ಯಜಮಾನರಿಗೆ ಹೀಗೇ ಆಗಿತ್ತು. ಅವರ ಮಗ ಪುಸ್ತಕವನ್ನು ಪುಟಪುಟವಾಗಿ ನೋಡಿ, "ಇದು ನಮ್ಮ ಮನಿ ಮಾತಲ್ರೀ" ಎಂದು ಅರ್ಧಕ್ಕರ್ಧ ತಿದ್ದಿದರು. 'ಕಾಫಿ ಬೇಕು' ಹೋಗಿ 'ಚಹಾ ಬೇಕು' ಬಂತು. ಲಘುವಿನ ಮುಂದೆ ಗುರು. ನಮ್ಮ ಮೇಷ್ಟ್ರು ಒಪ್ಪುತ್ತಿರಲಿಲ್ಲವೇನೋ. "ನಮ್ಮಪ್ಪಾರಿಗೆ ಭಜನಿ ಗಿಜನಿ ಬರೂದಿಲ್ರೀ. ಕಂಪನಿ ನಾಟಕದ ಹಾಡು ಅಂದ್ರ ಪ್ರಾಣ. ಅದು ನಡೀತದೇನ್ರೀ?" ಎಂದು ಕೇಳಿದರು. ಯಾವ ಹಾಡಿಗೆ ಅವರ ಕಾಲು ತಾಳ ಹಾಕುತ್ತದೋ ನೋಡಿ, ಅದನ್ನೇ ಥೆರಪಿಸ್ಟಿಗೆ ತಿಳಿಸಿ ಎಂದೆ. ಹೋದ ತಿಂಗಳು ಫೋನು ಮಾಡಿದ್ದರು. ಹಿನ್ನೆಲೆಯಲ್ಲಿ ಹಾರ್ಮೋನಿಯಂ ಕೇಳುತ್ತಿತ್ತು. ವೃದ್ಧರು 'ಚಹಾ' ಎನ್ನುತ್ತಾರಂತೆ, 'ಬೇಕು' ಇನ್ನೂ ಬಂದಿಲ್ಲವಂತೆ.